ಟಿಎಸ್‌ಎಚ್ 7.8: ಮಾತ್ರೆ ಬೇಕೇ, ಬೇಡವೇ?

ಪ್ರಶ್ನೆ: ನನಗೆ 34 ವರ್ಷ. ಹಾಸನ ಜಿಲ್ಲೆಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ. ನಾಲ್ಕು ವರ್ಷದ ಮಗಳಿದ್ದಾಳೆ, ಎರಡನೇ ಮಗು ಬೇಕೆಂದುಕೊಂಡಿದ್ದೇವೆ. ಒಂದು ವರ್ಷದಿಂದ ಸುಸ್ತು, ಕೂದಲು ಉದುರುತ್ತಿದೆ, ಆರು ಕೆ.ಜಿ. ತೂಕ ಹೆಚ್ಚಿದೆ. ಥೈರಾಯ್ಡ್‌ಗೆಂದು ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 6.9 ಬಂತು, ಮೂರು ತಿಂಗಳ ಬಳಿಕ 7.8. ಫ್ರೀ ಟಿ4 ನಾರ್ಮಲ್. ಆ್ಯಂಟಿ-ಟಿಪಿಒ ಮಾತ್ರ ತುಂಬಾ ಜಾಸ್ತಿ ಇದೆಯಂತೆ. ಒಬ್ಬ ಡಾಕ್ಟರು 50 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ ಬರೆದರು, ಇನ್ನೊಬ್ಬರು ಈಗಲೇ ಬೇಡ, ಆರು ತಿಂಗಳು ನೋಡೋಣ ಅಂದರು. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡೋ ಹಾಗಿಲ್ಲ ಎಂದು ನಮ್ಮ ಅತ್ತೆ ಹೆದರುತ್ತಾರೆ. ಕೋಸು, ರಾಗಿ ಬಿಡಬೇಕು, ಸಾಮಾನ್ಯ ಉಪ್ಪಿನ ಬದಲು ಸೈಂಧವ ಲವಣ ಬಳಸಬೇಕು ಎಂದು ಮೊಬೈಲಿನಲ್ಲಿ ದಿನಾ ಒಂದೊಂದು ವಿಡಿಯೊ ಬರುತ್ತದೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರು ವೈದ್ಯರು ಹೇಳಿದ್ದರಲ್ಲೂ ತಪ್ಪಿಲ್ಲ. ನನಗೊಂದು ಅನುಮಾನವಿದೆ. ಎರಡನೇ ಮಗುವಿನ ಆಲೋಚನೆಯನ್ನು ನೀವು ಮೊದಲನೆಯವರಿಗೆ ಹೇಳಿರಬೇಕು, ಎರಡನೆಯವರಿಗೆ ಹೇಳಿರಲಿಕ್ಕಿಲ್ಲ. ಮಗುವಿನ ಮಾತಿಲ್ಲದಿದ್ದರೆ ನಿಮ್ಮ ರಿಪೋರ್ಟಿಗೆ ‘ಕಾದು ನೋಡೋಣ’ ಎನ್ನುವುದು ಒಪ್ಪತಕ್ಕ ಸಲಹೆಯೇ. ಬಸಿರಾಗುವ ಯೋಚನೆ ಇರುವುದರಿಂದ ನನ್ನ ಉತ್ತರ ಸ್ಪಷ್ಟ: ಮಾತ್ರೆ ಶುರು ಮಾಡಿ, ಟಿಎಸ್‌ಎಚ್ ಹತೋಟಿಗೆ ಬಂದ ಮೇಲೆ ಗರ್ಭ ಧರಿಸಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಇದೇ ರಿಪೋರ್ಟು ನಿಮ್ಮ ಅತ್ತೆಯವರದ್ದಾಗಿದ್ದರೆ ನಾನು ಬೇರೆಯೇ ಉತ್ತರ ಕೊಡುತ್ತಿದ್ದೆ.

ಥೈರಾಯ್ಡ್ ಕತ್ತಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಂತೆ ಕೂತಿರುವ 15–20 ಗ್ರಾಂ ತೂಕದ ಗ್ರಂಥಿ. ಜೊಲ್ಲಿನ ಗ್ರಂಥಿಗೆ ಇರುವಂತೆ ಇದಕ್ಕೆ ನಾಳವಿಲ್ಲ. ತಯಾರಿಸಿದ್ದನ್ನು ನೇರವಾಗಿ ರಕ್ತಕ್ಕೇ ಬಿಡುತ್ತದೆ, ಅದಕ್ಕೇ ಇವನ್ನು ನಿರ್ನಾಳ ಗ್ರಂಥಿಗಳು ಎನ್ನುವುದು. ಪಿಟ್ಯುಟರಿ, ಪ್ಯಾರಾಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಎಲ್ಲವೂ ಈ ಬಳಗದವು. ಮೇದೋಜೀರಕ ಗ್ರಂಥಿಯ ಒಂದು ಭಾಗವೂ ಇದಕ್ಕೆ ಸೇರುತ್ತದೆ. ಥೈರಾಯ್ಡ್ ಮುಖ್ಯವಾಗಿ ಟಿ4 (ಥೈರಾಕ್ಸಿನ್) ಎಂಬ ಹಾರ್ಮೋನನ್ನು ತಯಾರಿಸುತ್ತದೆ, ಅದರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿರುತ್ತವೆ. ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳು ಅದರಿಂದ ಒಂದು ಅಯೋಡಿನ್ ಕಳಚಿ ಟಿ3 ಮಾಡಿಕೊಳ್ಳುತ್ತವೆ. ಜೀವಕೋಶದೊಳಗೆ ಕೆಲಸ ಮಾಡುವುದು ಈ ಟಿ3. ಹೃದಯದ ಬಡಿತ, ಕರುಳಿನ ಚಲನೆ, ಮೈಯ ಶಾಖ, ಮುಟ್ಟಿನ ಲಯ, ಗರ್ಭದಲ್ಲಿರುವ ಮಗುವಿನ ಮೆದುಳಿನ ಬೆಳವಣಿಗೆ ಇಷ್ಟಕ್ಕೂ ಇದು ಬೇಕು.

ಟಿಎಸ್‌ಎಚ್ ಥೈರಾಯ್ಡಿನ ಹಾರ್ಮೋನೇ ಅಲ್ಲ. ಅದು ಮೆದುಳಿನ ತಳದಲ್ಲಿರುವ ಬಟಾಣಿ ಗಾತ್ರದ ಪಿಟ್ಯುಟರಿಯದು. ಕಟ್ಟಡದ ಕೆಲಸದಲ್ಲಿ ಆಳು ನಿಧಾನವಾದಂತೆ ಮೇಸ್ತ್ರಿಯ ದನಿ ಏರುತ್ತದಲ್ಲ, ಹಾಗೆ ರಕ್ತದಲ್ಲಿ ಟಿ4 ಸ್ವಲ್ಪ ಇಳಿದರೆ ಪಿಟ್ಯುಟರಿ ಟಿಎಸ್‌ಎಚ್ ಏರಿಸುತ್ತದೆ, ಟಿ4 ಹೆಚ್ಚಾದರೆ ತಗ್ಗಿಸುತ್ತದೆ. ನಿಮ್ಮ ರಿಪೋರ್ಟಿನಲ್ಲಿರುವ 7.8 ಮೇಸ್ತ್ರಿಯ ದನಿಯ ಅಳತೆ. ಕೆಲಸ ಎಷ್ಟಾಗಿದೆ ಎಂದು ತಿಳಿಯಲು ಫ್ರೀ ಟಿ4 ನೋಡಬೇಕು. ಅದು ನಿಮ್ಮಲ್ಲಿ ನಾರ್ಮಲ್ ಇದೆ. ಎಂದರೆ ಗ್ರಂಥಿ ಬಳಲಿದೆ, ಆದರೂ ಒತ್ತಾಯಕ್ಕೆ ಮಣಿದು ಸಾಕಷ್ಟು ಹಾರ್ಮೋನು ಕೊಡುತ್ತಿದೆ. ವೈದ್ಯಕೀಯದಲ್ಲಿ ಇದಕ್ಕೆ ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡಿಸಮ್ ಎನ್ನುತ್ತೇವೆ. ಟಿ4 ಕೂಡ ಇಳಿದುಬಿಟ್ಟರೆ ಅದು ಪೂರ್ಣ ಹೈಪೋಥೈರಾಯ್ಡಿಸಮ್.

ಟಿ4 ಸರಿಯಿದ್ದರೂ ಟಿಎಸ್‌ಎಚ್ ಯಾಕೆ ಇಷ್ಟು ಏರಬೇಕು? ಪಿಟ್ಯುಟರಿ ಬಹಳ ಸೂಕ್ಷ್ಮ. ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ದುಪ್ಪಟ್ಟಾಗಿ ನಿಲ್ಲುವುದಿಲ್ಲ, ನೂರು ಪಟ್ಟಿನವರೆಗೂ ಏರಬಲ್ಲದು. ಟಿ4ನಲ್ಲಿ ಲ್ಯಾಬಿನ ಕಣ್ಣಿಗೆ ಬೀಳದಷ್ಟು ಸಣ್ಣ ಇಳಿಕೆಯೂ ಟಿಎಸ್‌ಎಚ್‌ನಲ್ಲಿ ಎದ್ದು ಕಾಣುತ್ತದೆ. ಆರಂಭದಲ್ಲೇ ಸುಳಿವು ಸಿಗುವುದು ಇದರಿಂದಲೇ. ಅನಗತ್ಯ ಗಾಬರಿಗೂ ಇದೇ ಕಾರಣ.

ನೀವು ಮೂರು ತಿಂಗಳು ಬಿಟ್ಟು ಎರಡನೇ ಸಲ ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು. ಒಂದೇ ಸಲದ ಟಿಎಸ್‌ಎಚ್ ಹಿಡಿದುಕೊಂಡು ಮಾತ್ರೆ ಶುರು ಮಾಡಿದವರನ್ನು ದಿನಾ ನೋಡುತ್ತೇನೆ, ಬೇಸರವಾಗುತ್ತದೆ. ಟಿಎಸ್‌ಎಚ್ ನಡುರಾತ್ರಿಯ ನಂತರ ಹೆಚ್ಚಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ತಗ್ಗಿರುತ್ತದೆ. ದೊಡ್ಡ ಜ್ವರವೋ ಕಾಯಿಲೆಯೋ ಬಂದು ಚೇತರಿಸಿಕೊಳ್ಳುವ ದಿನಗಳಲ್ಲಿ ತಾನಾಗಿಯೇ ಸ್ವಲ್ಪ ಏರುತ್ತದೆ. ಹೆರಿಗೆಯಾದ ಮೊದಲ ವರ್ಷದಲ್ಲಿ ಕೆಲವರಿಗೆ ಗ್ರಂಥಿ ಉರಿಯೂತಗೊಂಡು ಏರಿಳಿದು, ಬಹುಪಾಲು ಮಂದಿಯಲ್ಲಿ ಮತ್ತೆ ಸರಿಹೋಗುತ್ತದೆ. ಕೂದಲಿಗೆಂದು ಅನೇಕರು ನುಂಗುವ ಬಯೋಟಿನ್ ಮಾತ್ರೆ ಗ್ರಂಥಿಗೆ ಏನೂ ಮಾಡುವುದಿಲ್ಲ, ಆದರೆ ಲ್ಯಾಬಿನ ಯಂತ್ರವನ್ನು ದಾರಿ ತಪ್ಪಿಸಿ ಸುಳ್ಳು ಅಂಕಿ ಕೊಡಿಸಬಲ್ಲದು. ನಿಮಗೂ ಕೂದಲು ಉದುರುತ್ತಿದೆ ಎಂದಿದ್ದೀರಿ. ಬಯೋಟಿನ್ ತಗೊಳ್ಳುತ್ತಿದ್ದರೆ ಮುಂದಿನ ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ.

ಇನ್ನು ಆ್ಯಂಟಿ-ಟಿಪಿಒ. ಥೈರಾಯ್ಡ್ ಹಾರ್ಮೋನು ತಯಾರಾಗಲು ಬೇಕಾದ ಟಿಪಿಒ ಎಂಬ ಕಿಣ್ವದ ವಿರುದ್ಧ ನಮ್ಮದೇ ರೋಗನಿರೋಧಕ ವ್ಯವಸ್ಥೆ ಹುಟ್ಟಿಸಿದ ಪ್ರತಿಕಾಯ ಇದು. ಇದು ಹೆಚ್ಚಿದೆ ಎಂದರೆ ಗ್ರಂಥಿಯೊಳಗೆ ಬಿಳಿ ರಕ್ತಕಣಗಳು ಸೇರಿಕೊಂಡು ನಿಧಾನವಾಗಿ ಅದನ್ನು ಸವೆಸುತ್ತಿವೆ ಎಂದರ್ಥ. ಜಪಾನಿನ ಫುಕುವೊಕಾದಲ್ಲಿ ಹಕಾರು ಹಶಿಮೊಟೊ ಎಂಬ ಯುವ ಶಸ್ತ್ರವೈದ್ಯ ನಾಲ್ವರು ಮಹಿಳೆಯರ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಡಿ ನೋಡಿ 1912ರಲ್ಲಿ ಇದನ್ನು ವರ್ಣಿಸಿದರು. ಈಗ ಕಾಯಿಲೆಗೆ ಅವರದೇ ಹೆಸರು. ಅಯೋಡಿನ್ ಕೊರತೆ ಇಲ್ಲದ ಕಡೆ ಥೈರಾಯ್ಡ್ ಕುಗ್ಗಲು ಅತಿ ಸಾಮಾನ್ಯ ಕಾರಣ ಇದೇ. ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು, ಮನೆತನದಲ್ಲಿ ಹರಿದು ಬರುವುದೂ ಉಂಟು. ನಿಮ್ಮ ತಾಯಿ, ಚಿಕ್ಕಮ್ಮ, ಅಕ್ಕತಂಗಿಯರಲ್ಲಿ ಯಾರಿಗಾದರೂ ಇದೆಯೇ ವಿಚಾರಿಸಿ.

ಇದು ಮುಂದೆ ಏನಾಗುತ್ತದೆ ಎಂದು ತಿಳಿಯಲು ಒಂದು ಒಳ್ಳೆಯ ಅಧ್ಯಯನವಿದೆ. ಇಂಗ್ಲೆಂಡಿನ ಈಶಾನ್ಯ ಭಾಗದ ವಿಕಮ್ ಎಂಬ ಊರಿನ ಜನರನ್ನು 1970ರ ದಶಕದಲ್ಲಿ ಪರೀಕ್ಷಿಸಿ, ಇಪ್ಪತ್ತು ವರ್ಷಗಳ ನಂತರ ಮತ್ತೆ ಹುಡುಕಿ ನೋಡಿದರು. ಟಿಎಸ್‌ಎಚ್ ಹೆಚ್ಚಿದ್ದು ಪ್ರತಿಕಾಯವೂ ಇದ್ದ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು ನೂರಕ್ಕೆ ನಾಲ್ವರಂತೆ ಪೂರ್ಣ ಹೈಪೋಥೈರಾಯ್ಡಿಸಮ್‌ಗೆ ಇಳಿದಿದ್ದರು. ಎರಡರಲ್ಲಿ ಒಂದು ಮಾತ್ರ ಇದ್ದವರಲ್ಲಿ ಈ ಪ್ರಮಾಣ ಅದರ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಇತ್ತು. ನಿಮಗೆ ಎರಡೂ ಇವೆ. ಹಾಗೆಂದು ನಾಳೆಯೇ ಏನೋ ಆಗಿಬಿಡುವುದಿಲ್ಲ, ಆದರೆ ಗ್ರಂಥಿಯ ಒಲವು ಯಾವ ಕಡೆಗಿದೆ ಎಂದು ತಿಳಿಯುತ್ತದೆ. ಈ ಪ್ರತಿಕಾಯವನ್ನು ಮತ್ತೆ ಮತ್ತೆ ಅಳೆಸಿ ದುಡ್ಡು ಕಳೆಯಬೇಡಿ. ಅದನ್ನು ಇಳಿಸಲು ಚಿಕಿತ್ಸೆ ಕೊಡುವುದಿಲ್ಲ, ಏರಿಳಿತ ನೋಡಿ ಮಾತ್ರೆಯ ಪ್ರಮಾಣ ಬದಲಿಸುವುದೂ ಇಲ್ಲ.

ಇದೇ ರಿಪೋರ್ಟು ನಿಮ್ಮ ಅತ್ತೆಯವರದ್ದಾಗಿದ್ದರೆ ಎಂದೆನಲ್ಲ. ವಯಸ್ಸಾದಂತೆ ಆರೋಗ್ಯವಂತರಲ್ಲೂ ಟಿಎಸ್‌ಎಚ್ ಸ್ವಲ್ಪ ಮೇಲೆ ಸರಿಯುತ್ತದೆ. 65 ದಾಟಿದ, ಸಬ್‌ಕ್ಲಿನಿಕಲ್ ಹಂತದಲ್ಲಿದ್ದ 737 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಥೈರಾಕ್ಸಿನ್, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ನೋಡಿದ ಯುರೋಪಿನ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಸುಸ್ತಿನಲ್ಲಾಗಲಿ ಇತರ ಲಕ್ಷಣಗಳಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆ ವಯಸ್ಸಿನಲ್ಲಿ ಮಾತ್ರೆ ಅತಿಯಾದರೆ ಹೃದಯದ ಲಯ ತಪ್ಪುವುದು, ಮೂಳೆ ಸವೆಯುವುದು ಬೇರೆ. ಅದಕ್ಕೇ ಟಿಎಸ್‌ಎಚ್ 10ರ ಒಳಗಿದ್ದು, ಟಿ4 ಸರಿಯಿದ್ದು, ತೊಂದರೆ ಏನೂ ಇಲ್ಲದ ಹಿರಿಯರಿಗೆ ನಾನು ಮಾತ್ರೆ ಬರೆಯುವುದಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಪರೀಕ್ಷೆ ಸಾಕು. 10 ದಾಟಿದರೆ ಸಾಮಾನ್ಯವಾಗಿ ಚಿಕಿತ್ಸೆಯ ಕಡೆ ವಾಲುತ್ತೇವೆ.

ನಿಮ್ಮ ವಿಷಯಕ್ಕೆ ಬರೋಣ. ಬಸಿರಿನ ಮೊದಲ ಹನ್ನೆರಡು ವಾರ ಮಗುವಿನ ಥೈರಾಯ್ಡ್ ಹಾರ್ಮೋನು ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಮೆದುಳಿನ ಅಡಿಪಾಯ ಬೀಳುವ ಆ ವಾರಗಳಲ್ಲಿ ಅದಕ್ಕೆ ಸಿಗುವುದು ತಾಯಿಯ ಟಿ4 ಮಾತ್ರ. ಆಮೇಲೂ ಹದಿನೆಂಟು ಇಪ್ಪತ್ತು ವಾರದವರೆಗೆ ಅದು ತಾಯಿಯನ್ನೇ ಬಹುಪಾಲು ನೆಚ್ಚಿರುತ್ತದೆ. ಇಬ್ಬರ ಬೇಡಿಕೆ ಪೂರೈಸಲು ತಾಯಿಯ ಗ್ರಂಥಿ ಸುಮಾರು ಮೂರನೇ ಒಂದರಿಂದ ಅರ್ಧದಷ್ಟು ಹೆಚ್ಚು ದುಡಿಯಬೇಕು. ಗಟ್ಟಿ ಗ್ರಂಥಿ ಇದನ್ನು ನಿಭಾಯಿಸುತ್ತದೆ. ಈಗಾಗಲೇ ಟಿಎಸ್‌ಎಚ್ 7.8ರ ಒತ್ತಾಯದಲ್ಲಿ ನಡೆಯುತ್ತಿರುವ ನಿಮ್ಮ ಗ್ರಂಥಿಗೆ ಅಷ್ಟು ಮೀಸಲು ಬಲ ಇಲ್ಲದೆ ಹೋಗಬಹುದು. ತಾಯಿಯಲ್ಲಿ ಹಾರ್ಮೋನು ಕಡಿಮೆಯಾದರೆ ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆಯ ಸಂಭವ ಹೆಚ್ಚುತ್ತದೆ. ಕೊರತೆ ತೀವ್ರವಾಗಿದ್ದರೆ ಮಗುವಿನ ಬುದ್ಧಿ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ. ಇಷ್ಟನ್ನು ತಡೆಯಲು ಬೇಕಾಗಿರುವುದು ದಿನಕ್ಕೊಂದು ಅಗ್ಗದ ಮಾತ್ರೆ, ಆಗಾಗ ಒಂದು ರಕ್ತ ಪರೀಕ್ಷೆ. ಇಂಥ ಕಡೆ ಕಾಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಮಾತ್ರೆ ಶುರು ಮಾಡಿ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ನೋಡಿಸಿ, ಅದಕ್ಕಿಂತ ಮುಂಚೆ ಬೇಡ. ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹೊಸ ಪ್ರಮಾಣ ನೆಲೆ ನಿಲ್ಲಲು, ಪಿಟ್ಯುಟರಿ ಅದಕ್ಕೆ ಹೊಂದಿಕೊಳ್ಳಲು ಅಷ್ಟು ಕಾಲ ಹಿಡಿಯುತ್ತದೆ. ಟಿಎಸ್‌ಎಚ್ 2.5ರ ಒಳಗೆ ಬಂದ ಮೇಲೆ ಪ್ರಯತ್ನಿಸಿ. ಮುಟ್ಟು ತಪ್ಪಿ ಟೆಸ್ಟ್ ಪಾಸಿಟಿವ್ ಬಂದ ದಿನವೇ ಏನು ಮಾಡಬೇಕು ಎಂದು ವೈದ್ಯರಿಂದ ಮೊದಲೇ ಬರೆಸಿಕೊಂಡಿರಿ. ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ನುಂಗುವುದು ಸಾಮಾನ್ಯವಾಗಿ ನಾವು ಹೇಳುವ ಕ್ರಮ. ಅಪಾಯಿಂಟ್‌ಮೆಂಟಿಗೆ ಕಾಯುತ್ತಾ ಮೂರು ನಾಲ್ಕು ವಾರ ಕಳೆದರೆ ಬಹು ಮುಖ್ಯವಾದ ದಿನಗಳೇ ಕಳೆದುಹೋಗುತ್ತವೆ. ಆಮೇಲೆ ಇಪ್ಪತ್ತನೇ ವಾರದ ತನಕ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ.

ಮಾತ್ರೆ ನುಂಗುವ ರೀತಿಯಲ್ಲಿ ಜನ ಬಹಳ ಎಡವುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಹಾಸನದವರಿಗೆ ಎದ್ದ ಕೂಡಲೇ ಕಾಫಿ ಬೇಕು, ಗೊತ್ತು, ಆದರೆ ಕಾಫಿಯೊಂದಿಗೆ ಹೋದ ಮಾತ್ರೆ ಪೂರ್ತಿ ಹೀರಿಕೆಯಾಗುವುದಿಲ್ಲ. ಬೆಳಿಗ್ಗೆ ಸ್ಕೂಲಿಗೆ ಓಡುವ ಗಡಿಬಿಡಿಯಲ್ಲಿ ಇದು ಆಗದು ಎನ್ನಿಸಿದರೆ ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ನುಂಗಬಹುದು. ಯಾವುದಾದರೂ ಒಂದು ಹೊತ್ತಿಗೆ ಅಂಟಿಕೊಳ್ಳಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಬಸಿರಾದಾಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಎರಡನ್ನೂ ಕೊಡುತ್ತಾರೆ, ನೀವು ಮೂರನ್ನೂ ಒಟ್ಟಿಗೆ ನುಂಗಿಬಿಟ್ಟರೆ ಥೈರಾಕ್ಸಿನ್ ಕರುಳಿನಲ್ಲೇ ಕಟ್ಟಿಕೊಂಡು ಹೊರಹೋಗುತ್ತದೆ. ‘ಮಾತ್ರೆ ತಪ್ಪಿಸಿಲ್ಲ ಡಾಕ್ಟ್ರೇ, ಆದ್ರೂ ಟಿಎಸ್‌ಎಚ್ ಇಳೀತಿಲ್ಲ’ ಎನ್ನುವವರಿಗೆ ನಾನು ಪ್ರಮಾಣ ಏರಿಸುವ ಮೊದಲು ಕೇಳುವುದು ಇದನ್ನೇ. ಒಂದು ದಿನ ಮರೆತರೆ ಗಾಬರಿಯಾಗಬೇಡಿ, ನಿಮ್ಮ ವಯಸ್ಸಿನಲ್ಲಿ ಮರುದಿನ ಎರಡನ್ನೂ ಸೇರಿಸಿ ನುಂಗಬಹುದು. ಬಾಟಲಿಯನ್ನು ಅಡುಗೆಮನೆಯ ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಆದಷ್ಟೂ ಕಂಪನಿ ಬದಲಿಸಬೇಡಿ, ಬದಲಾದರೆ ಆರೆಂಟು ವಾರದ ನಂತರ ಮತ್ತೊಮ್ಮೆ ಪರೀಕ್ಷಿಸಿ.

ರಾಗಿ ಬಿಡಬೇಕಾಗಿಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ನೂರು ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು. ಮಾತ್ರೆ ನುಂಗಿದ ಕೂಡಲೇ ಅಂಬಲಿ ಕುಡಿಯದಿದ್ದರೆ ಸಾಕು, ಮಧ್ಯಾಹ್ನ ಮುದ್ದೆ ನಿಶ್ಚಿಂತೆಯಿಂದ ಉಣ್ಣಿ. ಎಲೆಕೋಸು, ಹೂಕೋಸು, ನವಿಲುಕೋಸುಗಳಲ್ಲಿ ಅಯೋಡಿನ್ ಬಳಕೆಗೆ ಅಡ್ಡಿಪಡಿಸುವ ಅಂಶ ಇರುವುದು ನಿಜ. ಅಯೋಡಿನ್ ಕೊರತೆಯಿದ್ದು, ಹಸಿಯಾಗಿ, ವಿಪರೀತವಾಗಿ ತಿಂದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ವಾರಕ್ಕೆರಡು ದಿನ ಪಲ್ಯ, ಸಾಂಬಾರು ಮಾಡುವ ಮನೆಗೆ ಈ ಮಾತು ಹೊಂದುವುದಿಲ್ಲ.

ಉಪ್ಪಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಸೈಂಧವ ಲವಣದಲ್ಲಿ, ಅಯೋಡಿನ್ ಬೆರೆಸಿದೆ ಎಂದು ಪೊಟ್ಟಣದ ಮೇಲೆ ಬರೆದಿಲ್ಲದಿದ್ದರೆ, ನಿಮಗೆ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಹಿಮಾಲಯದ ತಪ್ಪಲಿನ ಹಳ್ಳಿಗಳಲ್ಲಿ ಹಿಂದೆ ಕತ್ತಿನಲ್ಲಿ ದೊಡ್ಡ ಗಳಗಂಡ ಹೊತ್ತವರು, ಕಿವುಡುತನ, ಬುದ್ಧಿಮಾಂದ್ಯದೊಂದಿಗೆ ಹುಟ್ಟಿದ ಮಕ್ಕಳು ಎಷ್ಟೋ ಮಂದಿ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಕೆಲಸ ಶುರು ಮಾಡಿ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ಇಳಿಯುತ್ತದೆ ಎಂದು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ನಮ್ಮಲ್ಲೂ ಮಳೆ ಬಿದ್ದು ಮಣ್ಣಿನ ಅಯೋಡಿನ್ ತೊಳೆದುಹೋಗುವ ಮಲೆನಾಡಿನ ಕಡೆ ಈ ಕಾಯಿಲೆ ಇತ್ತು. ಇಂದಿನ ನಿಯಮದಂತೆ ಮನೆಗೆ ತಲುಪುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ, ಎಂದರೆ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೋಗ್ರಾಂ, ಅಯೋಡಿನ್ ಇರಬೇಕು. ದಿನಕ್ಕೆ 10 ಗ್ರಾಂ ಉಪ್ಪಿಗೆ 150 ಮೈಕ್ರೋಗ್ರಾಂ ಆಯಿತು, ವಯಸ್ಕರ ನಿತ್ಯದ ಅಗತ್ಯವೂ ಅಷ್ಟೇ. ಬಸುರಿಗೆ 250 ಬೇಕು. ಬಸಿರಾಗಲು ಹೊರಟವರು ಇಂಥ ಹೊತ್ತಿನಲ್ಲಿ ಅಯೋಡಿನ್ ಇಲ್ಲದ ಉಪ್ಪಿಗೆ ಬದಲಾಗುವುದನ್ನು ನಾನು ಖಂಡಿತ ಒಪ್ಪಲಾರೆ. ಹಾಗೆಂದು ಅಯೋಡಿನ್ ಡ್ರಾಪ್ಸ್, ಕಡಲಪಾಚಿಯ ಮಾತ್ರೆಗಳನ್ನು ತಂದು ಸುರಿದುಕೊಳ್ಳಲೂಬೇಡಿ. ಹಶಿಮೊಟೊ ಇರುವ ಗ್ರಂಥಿಗೆ ಅತಿಯಾದ ಅಯೋಡಿನ್ ಹೊರೆಯೇ. ಸಾಮಾನ್ಯ ಅಯೋಡಿನ್‌ಯುಕ್ತ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ಹಿತಮಿತವಾಗಿ ಬಳಸಿ.

ನಿಮ್ಮ ಸುಸ್ತು, ಕೂದಲು, ತೂಕದ ಬಗ್ಗೆ ಹೇಳಲೇಬೇಕು, ಯಾಕೆಂದರೆ ಮಾತ್ರೆಯಿಂದ ಇವೆಲ್ಲ ಹೋಗುತ್ತದೆ ಎಂದು ನೀವು ಆಸೆಯಿಟ್ಟುಕೊಂಡರೆ ನಿರಾಸೆಯಾಗಬಹುದು. ಪೂರ್ಣ ಹೈಪೋಥೈರಾಯ್ಡಿಸಮ್ ಇದ್ದವರಲ್ಲೇ ಗ್ರಂಥಿಯಿಂದಾಗಿ ಏರುವ ತೂಕ ಎರಡರಿಂದ ನಾಲ್ಕೂವರೆ ಕೆ.ಜಿ., ಅದರಲ್ಲೂ ಹೆಚ್ಚಿನದು ಮೈಯಲ್ಲಿ ನಿಂತ ನೀರು ಮತ್ತು ಉಪ್ಪು. ಟಿ4 ಸರಿಯಿರುವ ನಿಮ್ಮಲ್ಲಿ ಆರು ಕೆ.ಜಿ.ಯನ್ನು ಥೈರಾಯ್ಡ್ ಮೇಲೆ ಹಾಕಲಾಗದು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಅಳತೆ), ವಿಟಮಿನ್ ಬಿ12, ಸಕ್ಕರೆ ಇಷ್ಟನ್ನು ನೋಡಿಸಿ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ಎಷ್ಟು ವ್ಯಾಪಕ ಎಂದರೆ, ಸುಸ್ತು ಮತ್ತು ಕೂದಲಿಗೆ ಕಾರಣ ಹುಡುಕುವಾಗ ನಾನು ಮೊದಲು ಕೈ ಹಾಕುವುದು ಅಲ್ಲಿಗೇ. ಮಗಳು ರಾತ್ರಿ ಎಷ್ಟು ಸಲ ಎಬ್ಬಿಸುತ್ತಾಳೆ, ನಿಮಗೆ ಎಷ್ಟು ಗಂಟೆ ನಿದ್ದೆ ಸಿಗುತ್ತದೆ ಎಂಬುದನ್ನೂ ವೈದ್ಯರಿಗೆ ಹೇಳಿ.

ಇಲ್ಲಿ ಬೇರೆ ಓದುಗರಿಗಾಗಿ ಒಂದು ಮಾತು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ, ಆಮೇಲೆ ಎದೆಹಾಲು ಬರದೆ, ಮುಟ್ಟು ಮರಳದೆ, ವರ್ಷಗಟ್ಟಲೆ ಸುಸ್ತಿನಿಂದ ಒದ್ದಾಡುವ ತಾಯಂದಿರಿದ್ದಾರೆ. ಬಸಿರಿನಲ್ಲಿ ಹಿಗ್ಗಿದ ಪಿಟ್ಯುಟರಿಗೆ ರಕ್ತ ಸಾಲದೆ ಅದರ ಒಂದು ಭಾಗ ಸತ್ತುಹೋಗಿರುತ್ತದೆ, ಶೀಹನ್ ಸಿಂಡ್ರೋಮ್ ಎನ್ನುತ್ತಾರೆ. ಇಂಥವರಲ್ಲಿ ಮೇಸ್ತ್ರಿಗೇ ದನಿಯಿಲ್ಲ. ಟಿ4 ಪಾತಾಳಕ್ಕಿಳಿದರೂ ಟಿಎಸ್‌ಎಚ್ ಏರುವುದಿಲ್ಲ. ಬರೀ ಟಿಎಸ್‌ಎಚ್ ಮಾಡಿಸಿ ‘ನಾರ್ಮಲ್, ಏನೂ ಇಲ್ಲ’ ಎಂದು ಕಳಿಸಿದ ಎಷ್ಟೋ ತಾಯಂದಿರು ಬಹಳ ವರ್ಷ ಕಷ್ಟಪಟ್ಟ ಮೇಲೆ ನಮ್ಮ ಬಳಿ ಬರುತ್ತಾರೆ. ಇವರಲ್ಲಿ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಎಂಬ ಹಾರ್ಮೋನು ಕೂಡ ಕಡಿಮೆಯಿರುತ್ತದೆ. ಅದನ್ನು ತುಂಬದೆ ಥೈರಾಕ್ಸಿನ್ ಮಾತ್ರ ಕೊಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥ ಕಥೆಯಿದ್ದರೆ ಫ್ರೀ ಟಿ4 ಮತ್ತು ಬೆಳಗಿನ ಕಾರ್ಟಿಸಾಲ್ ಎರಡನ್ನೂ ಕೇಳಿ ಮಾಡಿಸಿ.

ಅತ್ತೆಯವರ ಹೆದರಿಕೆಗೂ ಉತ್ತರ ಕೊಡಬೇಕು. ಈ ಮಾತ್ರೆ ಅಭ್ಯಾಸ ಹಿಡಿಸುವುದಿಲ್ಲ, ಇರುವ ಗ್ರಂಥಿಯನ್ನು ಸೋಮಾರಿಯನ್ನಾಗಿ ಮಾಡುವುದೂ ಇಲ್ಲ. ನಿಮ್ಮ ಗ್ರಂಥಿ ತಯಾರಿಸುವ ಟಿ4 ಯಾವುದೋ ಅದೇ ಅಣು ಇದರಲ್ಲಿದೆ. ಜೀವನಪೂರ್ತಿ ಬೇಕಾಗಿ ಬಂದರೆ ಅದು ಗ್ರಂಥಿ ಸವೆದದ್ದರಿಂದ. 1891ರಲ್ಲಿ ಜಾರ್ಜ್ ಮರೆ ಎಂಬ ಇಂಗ್ಲಿಷ್ ವೈದ್ಯ, ಮುಖ ಊದಿ ಮಾತು ತೊದಲುತ್ತಿದ್ದ 46 ವರ್ಷದ ಮಹಿಳೆಯೊಬ್ಬರಿಗೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು, ಮುಂದೆ ಬಾಯಿಯ ಮೂಲಕ ಅದನ್ನೇ ಸೇವಿಸುತ್ತಾ 28 ವರ್ಷ ಬದುಕಿದರು. ಅಂದು ಕುರಿಯ ಗ್ರಂಥಿ ಅರೆದು ಸೋಸಬೇಕಿತ್ತು, ಇಂದು ಮೈಕ್ರೋಗ್ರಾಂ ಲೆಕ್ಕದಲ್ಲಿ ಶುದ್ಧ ಹಾರ್ಮೋನು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನಿಮ್ಮ ಮಟ್ಟಿಗೆ, ಹೆರಿಗೆ ಮತ್ತು ಹಾಲೂಡಿಸುವ ಕಾಲ ಮುಗಿದ ಮೇಲೆ ವೈದ್ಯರ ಕಣ್ಗಾವಲಿನಲ್ಲಿ ಪ್ರಮಾಣ ಇಳಿಸಿ ಅಥವಾ ನಿಲ್ಲಿಸಿ ನೋಡಬಹುದು. ಪ್ರತಿಕಾಯ ಇರುವುದರಿಂದ ಮತ್ತೆ ಬೇಕಾಗುವ ಸಾಧ್ಯತೆಯೇ ಹೆಚ್ಚು ಎಂಬುದನ್ನೂ ಮುಚ್ಚಿಡುವುದಿಲ್ಲ. ಕಷಾಯ, ಚೂರ್ಣಗಳಿಂದ ಬುಡಸಮೇತ ವಾಸಿ ಎನ್ನುವವರ ಮಾತು ಕೇಳಿ ಬಸಿರಿನ ನಡುವೆ ಮಾತ್ರೆ ಬಿಟ್ಟುಬಿಡಬೇಡಿ, ಇದು ನನ್ನ ಕಳಕಳಿಯ ವಿನಂತಿ.

ಹೆರಿಗೆಯಾದ ಕೂಡಲೇ ಮಾತ್ರೆಯನ್ನು ಬಸಿರಿಗೆ ಮುಂಚಿನ ಪ್ರಮಾಣಕ್ಕೆ ಇಳಿಸಿ, ಆರು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಹಾಲೂಡಿಸಲು ಮಾತ್ರೆಯಿಂದ ಅಡ್ಡಿಯಿಲ್ಲ. ಆಸ್ಪತ್ರೆಯಿಂದ ಮನೆಗೆ ಹೊರಡುವ ಮೊದಲು ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಟಿಎಸ್‌ಎಚ್ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ. ಹುಟ್ಟಿ ಎರಡು ದಿನ ಕಳೆದ ಮೇಲೆ ಮಾಡಿದರೆ ಫಲಿತಾಂಶ ಸರಿಯಾಗಿರುತ್ತದೆ. ನಿಮಗೆ ಥೈರಾಯ್ಡ್ ತೊಂದರೆ ಇದ್ದರೂ ಇಲ್ಲದಿದ್ದರೂ ಎಲ್ಲ ಮಕ್ಕಳಿಗೂ ಬೇಕಾದ ಪರೀಕ್ಷೆ ಇದು. ನಮ್ಮ ದೇಶದಲ್ಲಿ ಹೆಚ್ಚು ಕಡಿಮೆ ಸಾವಿರ ಶಿಶುಗಳಲ್ಲಿ ಒಂದು ಥೈರಾಯ್ಡ್ ಕೊರತೆಯೊಂದಿಗೆ ಹುಟ್ಟುತ್ತದೆ, ನೋಡಲು ಎಲ್ಲ ಮಕ್ಕಳಂತೆಯೇ ಇರುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಅದು ಎಲ್ಲರಂತೆ ಓದಿ, ಆಡಿ ಬೆಳೆಯುತ್ತದೆ. ಆ ಆಸ್ಪತ್ರೆಯಲ್ಲಿ ಸೌಲಭ್ಯವಿಲ್ಲ ಎಂದರೆ ಜಿಲ್ಲಾ ಆಸ್ಪತ್ರೆಯಲ್ಲೋ ಹೊರಗಿನ ಲ್ಯಾಬಿನಲ್ಲೋ ಅದೇ ವಾರ ಮಾಡಿಸಿ.